ಐಗುಪ್ತದ ಹೊನ್ನು

ವಿದ್ಯೆ ಏತಕ್ಕಾಗಿ ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರವನ್ನು ಕೊಟ್ಟಿದೆ. ನಮ್ಮ ಕಾಲದ ಉತ್ತರ ಎಲ್ಲರಿಗೂ ತಿಳಿದದ್ದೇ: ವಿದ್ಯೆ ಉದ್ಯೋಗಕ್ಕಾಗಿ. ಈ ಉತ್ತರವನ್ನು ಹೀನವೆಂದು ತಳ್ಳಿಹಾಕುವುದು ಉಚಿತವಲ್ಲ. ಹೊಟ್ಟೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಲ್ಲವನು ಹೊಟ್ಟೆ ತುಂಬಿದವನು ಮಾತ್ರ. ಆದರೂ ಈ ಉತ್ತರದಲ್ಲಿ ಏನೋ ಒಂದು ಬಿಟ್ಟುಹೋಗಿದೆಯೆಂಬ ಅಸಮಾಧಾನ ಅಧ್ಯಾಪಕರಿಗೂ ಇದೆ, ತಂದೆತಾಯಿಗಳಿಗೂ ಇದೆ. ಮಾತಿನಲ್ಲಿ ಹೇಳಲಾರದಿದ್ದರೂ ವಿದ್ಯಾರ್ಥಿಗಳಿಗೂ ಇದೆ. ಇಂಥದೇ ಅಸಮಾಧಾನದಿಂದ ಅಮೆರಿಕದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಒಂದು ಚಳವಳಿ ಹುಟ್ಟಿ ಬೆಳೆದಿದೆ. ಅದರ ಹೆಸರನ್ನು ನಾವು 'ಅಭಿಜಾತ ಕ್ರೈಸ್ತ ಶಿಕ್ಷಣ' ಎಂದು ಕನ್ನಡಿಸಬಹುದು. ಅಭಿಜಾತವೆಂದರೆ ಇಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ವಿದ್ಯಾಪರಂಪರೆ. 1981ರಲ್ಲಿ ಐಡಹೊ ಸಂಸ್ಥಾನದ ಮಾಸ್ಕೊ ಎಂಬ ಊರಿನಲ್ಲಿ ತೆರೆದ ಲೋಗೋಸ್ ಶಾಲೆ ಅದರ ಮೊದಲ ಮಾದರಿಗಳಲ್ಲೊಂದು. ಆ ಶಾಲೆಯ ಸ್ಥಾಪಕರಲ್ಲಿ ಒಬ್ಬರಾದ ಡಗ್ಲಸ್ ವಿಲ್ಸನ್ 1991ರಲ್ಲಿ ಪ್ರಕಟಿಸಿದ ಗ್ರಂಥ ಚಳವಳಿಗೆ ಕೈಪಿಡಿಯಂತಾಯಿತು. ಇಂದು ಆ ದೇಶದಲ್ಲಿ ಇಂಥ ಶಾಲೆಗಳು ನೂರಾರು ಇವೆ.

ಈ ಚಳವಳಿ ತನ್ನ ಮೂಲವೆಂದು ತೋರಿಸುವುದು ಒಂದು ಉಪನ್ಯಾಸವನ್ನು. 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊತಿ ಸೇಯರ್ಸ್ ಎಂಬ ವಿದುಷಿ ಕಲಿಕೆಯ ಕಳೆದುಹೋದ ಉಪಕರಣಗಳನ್ನು ಕುರಿತು ಒಂದು ಪ್ರಬಂಧವನ್ನು ಓದಿದರು. ಪತ್ತೇದಾರಿ ಕಾದಂಬರಿಗಳಿಂದ ಪ್ರಖ್ಯಾತರಾದ ಈಕೆ ಡಾಂಟೆ ಮಹಾಕವಿಯನ್ನು ಇಂಗ್ಲಿಷಿಗೆ ತಂದವರೂ ಹೌದು. ನಾವು ಮಕ್ಕಳಿಗೆ ಹತ್ತಾರು ವಿಷಯಗಳನ್ನು ಕಲಿಸುತ್ತೇವೆ, ಆದರೆ ಕಲಿಯುವ ಬಗೆಯನ್ನು ಕಲಿಸುವುದಿಲ್ಲ ಎಂಬುದು ಅವರ ಆಕ್ಷೇಪ. ಮಧ್ಯಯುಗದ ಶಾಲೆ ಮೊದಲು ಉಪಕರಣಗಳನ್ನು ಕೈಗೆ ಕೊಡುತ್ತಿತ್ತು. ಅವು ಮೂರು: ವ್ಯಾಕರಣ, ತರ್ಕ, ವಾಗ್ಮಿತೆ. ಇವುಗಳ ಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ನಾಲ್ಕು. ಈ ಏಳಕ್ಕೂ ಸೇರಿ 'ಸ್ವತಂತ್ರರ ಕಲೆಗಳು' ಎಂದು ಹೆಸರು. ಅವುಗಳ ಆಚೆಗೆ ತತ್ತ್ವಶಾಸ್ತ್ರ, ಶಿಖರದಲ್ಲಿ ದೇವಶಾಸ್ತ್ರ. ಸೇಯರ್ಸ್ ಅವರು ಮೊದಲ ಮೂರು ಕಲೆಗಳನ್ನು ಮಗುವಿನ ಬೆಳವಣಿಗೆಯ ಮೂರು ಘಟ್ಟಗಳಿಗೆ ಹೊಂದಿಸಿದರು: ಗಿಳಿಯಂತೆ ಬಾಯಿಪಾಠ ಮಾಡಿ ಸಂತೋಷಪಡುವ ವಯಸ್ಸು ವ್ಯಾಕರಣಕ್ಕೆ, ಎದುರುತ್ತರ ಕೊಡುವ ವಯಸ್ಸು ತರ್ಕಕ್ಕೆ, ತನ್ನ ಅಂತರಂಗವನ್ನು ಹೇಳಿಕೊಳ್ಳಬೇಕೆಂದು ತವಕಿಸುವ ವಯಸ್ಸು ವಾಗ್ಮಿತೆಗೆ. ಇಂದಿನ ಶಾಲೆಗಳ ಪಾಠಕ್ರಮ ಬಹುಮಟ್ಟಿಗೆ ಈ ಹೊಂದಾಣಿಕೆಯ ಮೇಲೆ ನಿಂತಿದೆ.

ಹೊಂದಾಣಿಕೆ ಚತುರವಾಗಿದೆ, ಮಕ್ಕಳನ್ನು ಬಲ್ಲವರಿಗೆ ಇದರಲ್ಲಿ ಸತ್ಯಾಂಶವಿದೆಯೆಂದೂ ತೋರುತ್ತದೆ. ಆದರೆ ಇದು ವಿಧಾನ, ಉದ್ದೇಶವಲ್ಲ. ಉಳಿ ಬಾಚಿಗಳನ್ನು ಹೇಗೆ ಹಿಡಿಯಬೇಕೆಂದು ಹೇಳಿದ ಮಾತ್ರಕ್ಕೆ ಯಾವ ಮನೆಯನ್ನು ಕಟ್ಟುತ್ತೇವೆಂದು ಹೇಳಿದಂತಾಗಲಿಲ್ಲ. ಈ ಶಿಕ್ಷಣದ ಉದ್ದೇಶವನ್ನು ತಿಳಿಯಬೇಕಾದರೆ ಆಕ್ಸ್‌ಫರ್ಡನ್ನು ಬಿಟ್ಟು ಹದಿನೆಂಟು ಶತಮಾನಗಳಷ್ಟು ಹಿಂದಕ್ಕೆ, ರೋಮನ್ ಸಾಮ್ರಾಜ್ಯದ ಪಾಠಶಾಲೆಗಳಿಗೆ ಹೋಗಬೇಕು. ಅಲ್ಲಿ ಆದಿಕಾಲದ ಕ್ರೈಸ್ತರ ಮುಂದೆ ಒಂದು ಕಠಿನವಾದ ಸಮಸ್ಯೆ ನಿಂತಿತ್ತು. ಓದುಬರಹ ಬಂದ ಪ್ರತಿಯೊಬ್ಬನಿಗೂ ಆ ಕಾಲದ ಪಠ್ಯವೆಂದರೆ ಹೋಮರ್, ವರ್ಜಿಲ್, ಸಿಸೆರೊ. ಆ ಕಾವ್ಯಗಳ ತುಂಬ ದೇವದೇವತೆಗಳು. ಯಾವ ದೇವತೆಗಳ ಮುಂದೆ ಒಂದು ಚಿಟಿಕೆ ಧೂಪ ಹಾಕಲು ಒಪ್ಪದೆ ಕ್ರೈಸ್ತರು ಪ್ರಾಣ ತೆರುತ್ತಿದ್ದರೋ ಅದೇ ದೇವತೆಗಳ ಕಥೆಗಳನ್ನು ಅವರ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡಬೇಕು! ಕ್ರಿ. ಶ. 200ರ ಸುಮಾರಿನಲ್ಲಿ ಕಾರ್ಥೇಜಿನ ಟರ್ಟುಲಿಯನ್ ಅಥೆನ್ಸಿಗೂ ಜೆರೂಸಲೇಮಿಗೂ ಏನು ನಂಟು ಎಂದು ಗುಡುಗಿದನು. ಆದರೆ ಅಂಥ ನಿಷ್ಠುರನೂ ಕ್ರೈಸ್ತನು ಆ ಸಾಹಿತ್ಯವನ್ನು ಕಲಿಸಬಾರದೆಂದನೇ ಹೊರತು ಕಲಿಯಕೂಡದೆಂದು ಹೇಳಲಾರದೆ ಹೋದನು. ಓದು ಬಾರದವನಿಗೆ ಧರ್ಮಗ್ರಂಥವೂ ದೂರವೇ ಎಂಬುದು ಅವನಿಗೆ ತಿಳಿದಿತ್ತು.

ಈ ಸಮಸ್ಯೆಯನ್ನು ಬಿಡಿಸಲು ಅನಿರೀಕ್ಷಿತವಾಗಿ ನೆರವಾದವನು ಒಬ್ಬ ವಿರೋಧಿ. 362ರಲ್ಲಿ ಜೂಲಿಯನ್ ಚಕ್ರವರ್ತಿ ಒಂದು ಶಾಸನವನ್ನು ಹೊರಡಿಸಿದನು. ಹೋಮರನ ದೇವತೆಗಳನ್ನು ನಂಬದವರು ಹೋಮರನನ್ನು ಕಲಿಸುವುದು ಅಪ್ರಾಮಾಣಿಕತೆ. ಅಂಥವರು ತಮ್ಮ ದೇವಾಲಯಗಳಿಗೆ ಹೋಗಿ ತಮ್ಮ ಸುವಾರ್ತೆಗಳನ್ನೇ ಬೋಧಿಸಲಿ ಎಂಬುದು ಅವನ ವಾದ. ಕ್ರೈಸ್ತ ಅಧ್ಯಾಪಕರು ಪೀಠಗಳನ್ನು ಬಿಡಬೇಕಾಯಿತು. ಆಗ ಅಪೊಲಿನಾರಿಸ್ ಎಂಬ ಹೆಸರಿನ ತಂದೆ ಮಕ್ಕಳಿಬ್ಬರು ಒಂದು ಸಾಹಸಕ್ಕೆ ಕೈಹಾಕಿದರು. ವೈಯಾಕರಣನಾದ ತಂದೆ ಮೋಶೆಯ ಗ್ರಂಥಗಳನ್ನು ಹೋಮರನ ಛಂದಸ್ಸಿಗೆ ತಿರುಗಿಸಿದನು. ಮಗ ಸುವಾರ್ತೆಗಳನ್ನು ಪ್ಲೇಟೊವಿನ ಸಂವಾದಗಳ ರೂಪಕ್ಕೆ ತಂದನು. ನಮ್ಮ ಮಕ್ಕಳಿಗೆ ನಮ್ಮದೇ ಹೋಮರ್, ನಮ್ಮದೇ ಪ್ಲೇಟೊ! ಮರುವರ್ಷವೇ ಜೂಲಿಯನ್ ಪಾರಸಿಕರೊಡನೆ ಯುದ್ಧದಲ್ಲಿ ಮಡಿದನು. ಕ್ರೈಸ್ತ ಅಧ್ಯಾಪಕರು ಹಿಂದಿರುಗಿದರು. ಹಿಂದಿರುಗಿದವರು ನಿಜವಾದ ಹೋಮರನನ್ನೇ ಕೈಗೆತ್ತಿಕೊಂಡರು. ಅಪೊಲಿನಾರಿಸರ ಕೃತಿಗಳನ್ನು ಕೇಳುವವರಿಲ್ಲವಾಯಿತೆಂದು ಮುಂದಿನ ಶತಮಾನದ ಚರ್ಚಿನ ಇತಿಹಾಸಕಾರ ಸಾಕ್ರಟೀಸನು ಬರೆದಿದ್ದಾನೆ. ಸ್ವಮತದ ಲೇಖಕನೆಂಬ ಒಂದೇ ಕಾರಣಕ್ಕೆ ಓದಬೇಕಾದ ಪುಸ್ತಕ, ಆ ಒತ್ತಾಯ ತೀರಿದೊಡನೆ ತಾನೂ ತೀರಿಹೋಗುತ್ತದೆ. ಈ ಪಾಠವನ್ನು ಎಲ್ಲ ಕಾಲದ ಪಠ್ಯಪುಸ್ತಕ ಸಮಿತಿಗಳೂ ನೆನಪಿನಲ್ಲಿಡಬಹುದು.

ಹಾಗಾದರೆ ಅನ್ಯರ ಕಾವ್ಯವನ್ನು ಓದುವ ಕ್ರಮ ಯಾವುದು? ಅದೇ ಕಾಲದವನಾದ ಸಂತ ಬೇಸಿಲ್ ಇದಕ್ಕೆ ಒಂದು ಉತ್ತರ ಕೊಟ್ಟನು. ಅವನು ಸ್ವತಃ ಅಥೆನ್ಸಿನಲ್ಲಿ ಕಲಿತವನು. ಗ್ರೀಕ್ ಸಾಹಿತ್ಯದಿಂದ ಪ್ರಯೋಜನ ಪಡೆಯುವ ಬಗೆಯನ್ನು ತರುಣರಿಗೆ ಹೇಳುತ್ತ ಅವನು ಜೇನುಹುಳುವಿನ ದೃಷ್ಟಾಂತವನ್ನು ತಂದಿದ್ದಾನೆ: ಅದು ಎಲ್ಲ ಹೂಗಳ ಮೇಲೂ ಕೂರುವುದಿಲ್ಲ, ಕೂತ ಹೂವನ್ನು ಪೂರ್ತಿಯಾಗಿ ಹೊತ್ತೊಯ್ಯುವುದೂ ಇಲ್ಲ. ದೃಷ್ಟಾಂತ ಸೊಗಸಾಗಿದೆ, ಆದರೆ ಇದರಲ್ಲಿ ಎಚ್ಚರಿಕೆ ಹೆಚ್ಚು, ಪ್ರೀತಿ ಕಡಮೆ. ಇನ್ನೂ ಆಳವಾದ ಉತ್ತರ ಬಂದದ್ದು ಸಂತ ಅಗಸ್ಟೀನನಿಂದ.

ಇಂದಿನ ಆಲ್ಜೀರಿಯಕ್ಕೆ ಸೇರಿದ ಥಗಾಸ್ಟೆ ಎಂಬ ಊರಿನಲ್ಲಿ 354ರಲ್ಲಿ ಹುಟ್ಟಿದ ಅಗಸ್ಟೀನನು ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ವಾಗ್ಮಿತೆಯ ಅಧ್ಯಾಪಕನಾಗಿದ್ದವನು. ಶಾಲೆಯ ಸುಖದುಃಖಗಳನ್ನು ಅವನಷ್ಟು ಬಿಚ್ಚಿ ಹೇಳಿದವರು ವಿರಳ. ಗ್ರೀಕ್ ಭಾಷೆಯನ್ನು ತಾನು ದ್ವೇಷಿಸಿದ್ದಕ್ಕೆ ಅದನ್ನು ಬೆತ್ತದ ಬಲದಿಂದ ಕಲಿಸಿದ್ದೇ ಕಾರಣವೆಂದು ತನ್ನ ಆತ್ಮನಿವೇದನೆಯಲ್ಲಿ ಬರೆದಿದ್ದಾನೆ. ವರ್ಜಿಲನ ಕಾವ್ಯದ ಡೈಡೊ ರಾಣಿಯ ಸಾವಿಗೆ ಕಣ್ಣೀರಿಟ್ಟ ತಾನು ತನ್ನ ಆತ್ಮದ ಸಾವಿಗೆ ಅಳಲಿಲ್ಲವೆಂದು ಮರುಗಿದ್ದಾನೆ. ಆದರೆ ಅದೇ ಗ್ರಂಥದಲ್ಲಿ, ತನ್ನನ್ನು ಮೊದಲು ಜ್ಞಾನದ ಕಡೆಗೆ ತಿರುಗಿಸಿದ್ದು ಧರ್ಮಗ್ರಂಥವಲ್ಲ, ಸಿಸೆರೊ ಎಂಬ ಅನ್ಯಮತೀಯನ ಒಂದು ಕೃತಿ ಎಂಬುದನ್ನೂ ಮುಚ್ಚಿಡದೆ ಹೇಳಿದ್ದಾನೆ. ಸಂದೇಹವೂ ಕೃತಜ್ಞತೆಯೂ ಒಂದೇ ಎದೆಯಲ್ಲಿ ಹೀಗೆ ಕೂಡಿದ್ದರಿಂದಲೇ ಅವನ ಉತ್ತರಕ್ಕೆ ತೂಕ ಬಂದಿದೆ.

ಆ ಉತ್ತರ ಒಂದು ಬೈಬಲ್ ಪ್ರಸಂಗದ ರೂಪದಲ್ಲಿದೆ. ಕನ್ನಡ ಬೈಬಲ್ಲು ಐಗುಪ್ತವೆಂದು ಕರೆಯುವ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಹೊರಟ ಇಸ್ರಾಯೇಲರು ಅಲ್ಲಿಯ ಜನರಿಂದ ಬೆಳ್ಳಿಬಂಗಾರದ ಒಡವೆಗಳನ್ನು ಕೇಳಿ ಪಡೆದುಕೊಂಡು ಹೋದರಷ್ಟೆ. ಕ್ರೈಸ್ತಬೋಧೆಯನ್ನು ಕುರಿತ ತನ್ನ ಗ್ರಂಥದಲ್ಲಿ ಅಗಸ್ಟೀನನು ಗ್ರೀಕರ ಮತ್ತು ರೋಮನರ ವಿದ್ಯೆಯನ್ನು ಈ ಹೊನ್ನಿಗೆ ಹೋಲಿಸುತ್ತಾನೆ. ಆ ಚಿನ್ನವನ್ನು ಐಗುಪ್ತದವರು ಸೃಷ್ಟಿಸಲಿಲ್ಲ, ಅಗೆದು ತೆಗೆದರು. ಸತ್ಯವೂ ಹಾಗೆಯೇ, ಎಲ್ಲಿ ದೊರೆತರೂ ಅದು ದೇವರದು ಎಂಬುದು ಅವನ ಇಂಗಿತ. ಈ ಮಾತಿನಲ್ಲಿ ಸ್ವಮತದ ಹೆಮ್ಮೆ ಇಲ್ಲದೆ ಇಲ್ಲ. ಆದರೆ ಅದರೊಳಗೆ ಒಂದು ದೊಡ್ಡ ಒಪ್ಪಿಗೆ ಅಡಗಿದೆ: ನಮ್ಮಲ್ಲಿಲ್ಲದ ಹೊನ್ನು ಅವರಲ್ಲಿತ್ತು, ನಾವು ಕೇಳಿ ಪಡೆದೆವು.

ಪಡೆದ ಹೊನ್ನನ್ನು ಮಾಡುವುದೇನು? ಇಲ್ಲಿ ಶಿಕ್ಷಣದ ಉದ್ದೇಶ ಸ್ಪಷ್ಟವಾಗುತ್ತದೆ. ಸದ್ಗುಣವೆಂದರೆ ಪ್ರೀತಿಯ ಸರಿಯಾದ ಕ್ರಮ ಎಂಬುದು ಅಗಸ್ಟೀನನ ತತ್ತ್ವ. ಮನುಷ್ಯ ಕೆಡುವುದು ಕೆಟ್ಟದ್ದನ್ನು ಪ್ರೀತಿಸುವುದರಿಂದ ಮಾತ್ರವಲ್ಲ. ಒಳ್ಳೆಯ ವಸ್ತುಗಳನ್ನೇ ತಪ್ಪು ಅಳತೆಯಲ್ಲಿ ಪ್ರೀತಿಸುವುದರಿಂದ. ಹಣ ಒಳ್ಳೆಯದು, ಕೀರ್ತಿ ಒಳ್ಳೆಯದು, ದೇಶ ಇನ್ನೂ ಒಳ್ಳೆಯದು. ಆದರೆ ಇವುಗಳಲ್ಲಿ ಯಾವುದು ಯಾವುದರ ಕೆಳಗೆ ಇರಬೇಕು ಎಂಬ ವಿವೇಕ ತಪ್ಪಿದರೆ ಪಾಂಡಿತ್ಯವೂ ಅನರ್ಥಕ್ಕೆ ಉಪಕರಣವಾಗುತ್ತದೆ. ಆದುದರಿಂದ ವಿದ್ಯೆಯ ಕೆಲಸ ತಲೆಯನ್ನು ತುಂಬುವುದಷ್ಟೇ ಅಲ್ಲ, ಎದೆಯ ತಕ್ಕಡಿಯನ್ನು ಸರಿಮಾಡುವುದು. ಕ್ರೈಸ್ತನಲ್ಲದ ಓದುಗನು ಶಿಖರದಲ್ಲಿರುವ ದೇವಶಾಸ್ತ್ರವನ್ನು ಒಪ್ಪಬೇಕಾಗಿಲ್ಲ. ಆದರೆ ಶಿಖರವಿಲ್ಲದ ಶಿಕ್ಷಣವಿಲ್ಲವೆಂಬ ಮಾತನ್ನು ಅಷ್ಟು ಸುಲಭವಾಗಿ ಅಲ್ಲಗಳೆಯಲಾರನು. ನಮ್ಮ ಶಾಲೆಗಳಲ್ಲಿ ಅಂಥ ಶಿಖರ ಯಾವುದೂ ಇಲ್ಲ ಎನ್ನುವವರು ಅಲ್ಲಿ ಸಂಬಳದ ಮೊತ್ತವನ್ನು ಸದ್ದಿಲ್ಲದೆ ಕೂರಿಸಿರುತ್ತಾರೆ, ಅಷ್ಟೆ.

ಈ ತತ್ತ್ವ ಬರಿಯ ಮಾತಾಗಿ ಉಳಿಯಲಿಲ್ಲ. ಆರನೆಯ ಶತಮಾನದಲ್ಲಿ ಇಟಲಿಯ ರಾಜ್ಯವ್ಯವಸ್ಥೆ ಕುಸಿಯುತ್ತಿದ್ದಾಗ, ಮಂತ್ರಿಪದವಿಯಲ್ಲಿದ್ದ ಕ್ಯಾಸಿಯೊಡೋರಸ್ ಅಧಿಕಾರವನ್ನು ಬಿಟ್ಟು ದಕ್ಷಿಣದಲ್ಲಿದ್ದ ತನ್ನ ಜಮೀನಿನಲ್ಲಿ ವಿವಾರಿಯಂ ಎಂಬ ಸನ್ಯಾಸಿಮಠವನ್ನು ಕಟ್ಟಿದನು. ಅಲ್ಲಿಯ ಸನ್ಯಾಸಿಗಳಿಗಾಗಿ ಅವನು ಬರೆದ ಮಾರ್ಗದರ್ಶಿ ಗ್ರಂಥದಲ್ಲಿ ಎರಡು ಭಾಗ: ಒಂದು ದೈವಿಕ ವಿದ್ಯೆಗೆ, ಇನ್ನೊಂದು ಲೌಕಿಕ ವಿದ್ಯೆಗೆ. ಪ್ರತಿ ಮಾಡುವ ಸನ್ಯಾಸಿಗಳು ಕಾಗುಣಿತದಲ್ಲಿ ಎಡವುತ್ತಿರುವುದನ್ನು ಕಂಡು ತನ್ನ ತೊಂಬತ್ತಮೂರನೆಯ ವಯಸ್ಸಿನಲ್ಲಿ ಅವನು ಶುದ್ಧ ಬರವಣಿಗೆಯನ್ನು ಕುರಿತು ಒಂದು ಪುಸ್ತಕವನ್ನು ರಚಿಸಿದನು. ಸಾಮ್ರಾಜ್ಯ ಹೋದರೂ ಅಕ್ಷರ ತಪ್ಪಬಾರದು ಎಂಬ ಆ ವೃದ್ಧನ ಹಟದಲ್ಲಿ ವ್ಯಾಕರಣದ ಘನತೆಯೆಲ್ಲ ಇದೆ. ಇನ್ನೊಬ್ಬನ ಮಾತನ್ನು ಅವನು ಹೇಳಿದಂತೆಯೇ ಕೇಳಿಸಿಕೊಳ್ಳುವ ತಾಳ್ಮೆಗೆ ವ್ಯಾಕರಣವೆಂದು ಹೆಸರು. ಆ ತಾಳ್ಮೆ ಬಂದಮೇಲೆ ತರ್ಕ. ಕೇಳಿಸಿಕೊಳ್ಳದೆ ಮಾಡುವ ತರ್ಕ ಬರಿಯ ಜಗಳ. ತರ್ಕವೂ ಬಂದಮೇಲೆ ವಾಗ್ಮಿತೆ; ಅದಿಲ್ಲದ ವಾಗ್ಮಿತೆ ಬರಿಯ ಗದ್ದಲ. ನಮ್ಮ ಕಾಲದಲ್ಲಿ ಮೂರನೆಯದನ್ನು ಮೊದಲು ಕಲಿತವರೇ ಹೆಚ್ಚೆಂಬುದಕ್ಕೆ ನಮ್ಮ ಸಾರ್ವಜನಿಕ ಚರ್ಚೆಗಳೇ ಸಾಕ್ಷಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನೋಡಬೇಕು. ಐಗುಪ್ತದಿಂದ ಹೊನ್ನನ್ನು ತಂದ ಜನರ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮರುಭೂಮಿಯಲ್ಲಿ ಮೋಶೆ ಬೆಟ್ಟವನ್ನೇರಿ ಹೋಗಿದ್ದಾಗ ಅವರು ಕಿವಿಯ ಓಲೆಗಳನ್ನು ಬಿಚ್ಚಿ ಕೊಟ್ಟು ಎರಕ ಹೊಯ್ಯಿಸಿ ಬಂಗಾರದ ಕರುವನ್ನು ಮಾಡಿಕೊಂಡು ಅದರ ಸುತ್ತ ಕುಣಿದರು. ದೇವದರ್ಶನದ ಗುಡಾರಕ್ಕೂ ಚಿನ್ನವೇ, ಕರುವಿಗೂ ಚಿನ್ನವೇ. ಅಭಿಜಾತ ಶಿಕ್ಷಣಕ್ಕೆ ಈ ಅಪಾಯ ಎಂದಿನಿಂದಲೂ ಇದೆ.

ಮಿಲ್ಟನ್ ಮಹಾಕವಿ 1644ರಲ್ಲಿ ಶಿಕ್ಷಣವನ್ನು ಕುರಿತು ಒಂದು ಸಣ್ಣ ಗ್ರಂಥವನ್ನು ಪ್ರಕಟಿಸಿದನು. ಆದಿದಂಪತಿಗಳ ಪತನದಿಂದಾದ ಹಾಳನ್ನು ಸರಿಪಡಿಸುವುದೇ ವಿದ್ಯೆಯ ಗುರಿಯೆಂದು ಅದರಲ್ಲಿ ಹೇಳಿದ್ದಾನೆ. ಇದಕ್ಕಿಂತ ಉನ್ನತವಾದ ಉದ್ದೇಶವನ್ನು ಯಾರು ಹೇಳಿಯಾರು? ಅದೇ ಕವಿ ಕುರುಡನಾದ ಮೇಲೆ ತನ್ನ ಕಿರಿಯ ಹೆಣ್ಣುಮಕ್ಕಳಿಬ್ಬರಿಗೆ ಹಲವು ಭಾಷೆಗಳ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದನ್ನು ಅಭ್ಯಾಸ ಮಾಡಿಸಿದ್ದನು. ಅರ್ಥವನ್ನು ಮಾತ್ರ ಕಲಿಸಿರಲಿಲ್ಲವೆಂದು ಕವಿಯ ಸೋದರಳಿಯನಾದ ಎಡ್ವರ್ಡ್ ಫಿಲಿಪ್ಸ್ ಬರೆದಿಟ್ಟಿದ್ದಾನೆ. ಉಚ್ಚಾರ ಶುದ್ಧವಾಗಿತ್ತು; ಹುಡುಗಿಯರ ಪಾಲಿಗೆ ಅದು ಹೊರೆಯಾಗಿತ್ತು. ಗುರಿಯನ್ನು ಎತ್ತರದಲ್ಲಿಟ್ಟ ಮಾತ್ರಕ್ಕೆ ಮನೆಯೊಳಗಿನ ಅನ್ಯಾಯ ತಾನಾಗಿ ಹೋಗುವುದಿಲ್ಲ. ಇಂದು ಶಾಲೆಗಳಲ್ಲಿ ಪುಟ್ಟ ಮಕ್ಕಳು ಲ್ಯಾಟಿನ್ ರೂಪಗಳನ್ನು ರಾಗವಾಗಿ ಒಪ್ಪಿಸುವುದನ್ನು ಮೆಚ್ಚುವವರು ಈ ಹೆಣ್ಣುಮಕ್ಕಳನ್ನೂ ನೆನೆಯಬೇಕು. ಮಧ್ಯಯುಗದಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆಗಳು ವಯಸ್ಸಿನ ಘಟ್ಟಗಳಾಗಿರಲಿಲ್ಲ, ಕಲೆಗಳಾಗಿದ್ದವು. ಸೇಯರ್ಸ್ ಅವರು ಬೋಧನೆಯಲ್ಲಿ ತಮಗಿದ್ದ ಅನುಭವ ಅತ್ಯಲ್ಪವೆಂದು ಮೊದಲೇ ಹೇಳಿಕೊಂಡು ಮುಂದಿಟ್ಟ ಸಲಹೆಯನ್ನು ವೇದವಾಕ್ಯವೆಂದು ಹಿಡಿದರೆ ವಿಧಾನವೇ ಕರುವಾಗುತ್ತದೆ.

ಇದಕ್ಕಿಂತ ದೊಡ್ಡ ಕರು ಇನ್ನೊಂದಿದೆ. ಹೋಮರ್, ವರ್ಜಿಲ್, ಡಾಂಟೆ ಇವರೆಲ್ಲ 'ನಮ್ಮವರು', ನಮ್ಮ ನಾಗರಿಕತೆಯ ಆಸ್ತಿ, ಇವರನ್ನು ಓದುವುದರಿಂದ ನಮ್ಮ ಮಕ್ಕಳು ಹೊರಗಿನ ಕೆಟ್ಟ ಗಾಳಿಯಿಂದ ಪಾರಾಗುತ್ತಾರೆ ಎಂಬ ಭಾವನೆ ಈ ಚಳವಳಿಯ ಕೆಲವರಲ್ಲಾದರೂ ಇದೆ. ಇದು ಪರಂಪರೆಯನ್ನು ತಲೆಕೆಳಗು ಮಾಡಿದಂತೆ. ಬೇಸಿಲನಿಗೂ ಅಗಸ್ಟೀನನಿಗೂ ಹೋಮರ್ ವರ್ಜಿಲರು 'ನಮ್ಮವರು' ಆಗಿರಲಿಲ್ಲ, ಅವರು ಅನ್ಯರು. ಅನ್ಯರ ಪಾದದ ಬಳಿ ಕುಳಿತು ಕಲಿಯುವ ವಿನಯವೇ ಈ ಶಿಕ್ಷಣದ ಜೀವ. ಅದನ್ನು ಬೇಲಿಯಾಗಿ ಮಾಡಿಕೊಂಡವರಲ್ಲಿ ಗ್ರಂಥಗಳ ಪಟ್ಟಿ ಉಳಿದೀತು, ವಿನಯ ಉಳಿಯಲಾರದು.

ಬೇಲಿಯನ್ನು ದಾಟಿ ಬಂದವರ ಮೂಲಕವೇ ಈ ವಿದ್ಯೆಯ ನಿಜವಾದ ಬೆಲೆ ತಿಳಿದಿದೆ. ಆನಾ ಜೂಲಿಯ ಕೂಪರ್ ಅವರು 1858ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನದಲ್ಲಿ ಗುಲಾಮಳಾಗಿ ಹುಟ್ಟಿದವರು. ಬಿಡುಗಡೆಯಾದ ಕರಿಯ ಜನರಿಗಾಗಿ ಎಪಿಸ್ಕೋಪಲ್ ಚರ್ಚಿನವರು ರಾಲಿ ನಗರದಲ್ಲಿ ತೆರೆದ ಶಾಲೆಗೆ ಬಾಲ್ಯದಲ್ಲೇ ಸೇರಿದರು. ಆ ಶಾಲೆಗೆ ಸಂತ ಅಗಸ್ಟೀನನದೇ ಹೆಸರು. ಅಲ್ಲಿ ಪಾದ್ರಿಗಳಾಗಲಿದ್ದ ಗಂಡಸರಿಗೆಂದು ಗ್ರೀಕ್ ತರಗತಿಯೊಂದನ್ನು ತೆರೆದಾಗ, ತಮಗೂ ಅಲ್ಲಿ ಸ್ಥಳ ಬೇಕೆಂದು ಹಟ ಹಿಡಿದು ಪಡೆದರು. ಮುಂದೆ ಓಬರ್ಲಿನ್ ಕಾಲೇಜಿನಲ್ಲಿಯೂ ಗಂಡಸರ ಪಾಠಕ್ರಮವನ್ನೇ ಆರಿಸಿಕೊಂಡು 1884ರಲ್ಲಿ ಪದವಿ ಪಡೆದರು. ವಾಷಿಂಗ್ಟನ್ನಿನಲ್ಲಿ ಕರಿಯ ಮಕ್ಕಳ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ, ಈ ಮಕ್ಕಳಿಗೆ ಕಸುಬು ಕಲಿಸಿದರೆ ಸಾಕೆಂಬ ಒತ್ತಡಕ್ಕೆ ಮಣಿಯದೆ ಲ್ಯಾಟಿನ್ ಮೊದಲಾದ ಉನ್ನತ ಪಾಠಗಳನ್ನು ಉಳಿಸಿಕೊಂಡರು. 1906ರಲ್ಲಿ ಆ ಸ್ಥಾನವನ್ನು ಕಳೆದುಕೊಳ್ಳಬೇಕಾಯಿತು. ಆದರೂ ಬಿಡದೆ 1925ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. 'ಸ್ವತಂತ್ರರ ಕಲೆಗಳು' ಎಂದರೆ ಪ್ರಾಚೀನ ರೋಮಿನಲ್ಲಿ ಗುಲಾಮರಲ್ಲದವರ ಕಲೆಗಳು ಎಂದರ್ಥ. ಗುಲಾಮಳಾಗಿ ಹುಟ್ಟಿದ ಒಬ್ಬ ಹೆಣ್ಣುಮಗಳು ಆ ಅರ್ಥವನ್ನು ತಿದ್ದಿದರು: ಸ್ವತಂತ್ರರಾಗಿ ಹುಟ್ಟಿದವರಿಗೆ ಮೀಸಲಾದ ಕಲೆಗಳಲ್ಲ, ಮನುಷ್ಯನನ್ನು ಸ್ವತಂತ್ರನನ್ನಾಗಿ ಮಾಡುವ ಕಲೆಗಳು. ಉದ್ಯೋಗಕ್ಕಾಗಿ ವಿದ್ಯೆ ಎಂಬ ಮಾತು ಬಡವರ ಮಕ್ಕಳ ಮೇಲೆ ಹೇರಿದ ಮಿತಿಯೂ ಆಗಬಲ್ಲದು ಎಂಬುದನ್ನು ಈ ಜೀವನ ತೋರಿಸುತ್ತದೆ.

ಕನ್ನಡಿಗರಾದ ನಮಗೂ ಈ ಪರಂಪರೆಯ ಋಣ ಒಂದಿದೆ. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಶಿಸ್ತಿನಲ್ಲಿ ಬೆಳೆದು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಈ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರು ಬಂದದ್ದು ತಮ್ಮ ಮತವನ್ನು ಬೋಧಿಸುವುದಕ್ಕೆ. ಅದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದವರು ಅವರೇ. 1894ರಲ್ಲಿ ಹೊರಬಂದ ಅವರ ಮಹಾನಿಘಂಟಿನಲ್ಲಿ ಜೈನ, ವೀರಶೈವ, ಬ್ರಾಹ್ಮಣ ಕವಿಗಳೂ ಹಳ್ಳಿಯವರ ಗಾದೆಗಳೂ ಒಟ್ಟಿಗೆ ಕುಳಿತಿವೆ. ತಾನು ನಂಬದ ಮತದ ಕವಿಯ ಒಂದು ಪ್ರಯೋಗ ಶುದ್ಧವೋ ಅಶುದ್ಧವೋ ಎಂದು ತಿಳಿಯಲು ವರ್ಷಗಟ್ಟಲೆ ಕಣ್ಣು ನೋಯಿಸಿಕೊಳ್ಳುವ ಬುದ್ಧಿ ಎಲ್ಲಿಂದ ಬರುತ್ತದೆ? ವಿವಾರಿಯಂ ಮಠದ ಮುದುಕನಿಗೆ ಎಲ್ಲಿಂದ ಬಂತೋ ಅಲ್ಲಿಂದಲೇ ಎನ್ನಬಹುದು.

ಹಳಗನ್ನಡ ಪಾಠಕ್ಕೆ ನಿಲ್ಲುವ ನಮಗೆಲ್ಲ ಇದೇ ಪ್ರಶ್ನೆ ದಿನವೂ ಎದುರಾಗುತ್ತದೆ. ಪಂಪನನ್ನು ಓದುವ ತರಗತಿಯಲ್ಲಿ ಜೈನರು ಬೆರಳೆಣಿಕೆಯಷ್ಟು. ಬಸವಣ್ಣನವರ ವಚನವನ್ನು ಓದುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಇದು ಯಾರ ಕವಿ, ಯಾರ ಜಾತಿಯ ಕವಿ ಎಂದು ಕೇಳಿ, ಆಮೇಲೆ ಪುಸ್ತಕವನ್ನು ತೆರೆಯುವ ಅಭ್ಯಾಸ ಈಗ ತರಗತಿಯ ಹೊರಗೆ ಬಲವಾಗುತ್ತಿದೆ. ಒಳಗೆ ಬರಲು ಬಹಳ ಹೊತ್ತು ಬೇಡ. ಆ ದಾರಿಯ ಕೊನೆಯಲ್ಲಿ ಜೂಲಿಯನನ ಶಾಸನವಿದೆ: ನಂಬುವವರು ಮಾತ್ರ ಕಲಿಸಲಿ. ಇನ್ನೊಂದು ಕೊನೆಯಲ್ಲಿ ಅಪೊಲಿನಾರಿಸರ ಪುಸ್ತಕಗಳಿವೆ: ನಮ್ಮವರದನ್ನು ಮಾತ್ರ ಓದೋಣ. ಎರಡನ್ನೂ ಬಿಟ್ಟು ನಡುದಾರಿಯಲ್ಲಿ ನಡೆದುದೇ ಕ್ರೈಸ್ತ ಶಿಕ್ಷಣ ತನ್ನ ಒಳ್ಳೆಯ ಕಾಲದಲ್ಲಿ ಮಾಡಿದ ಸಾಧನೆ. ತನ್ನ ನಂಬಿಕೆಯನ್ನು ಬಿಡದೆ ಅನ್ಯರ ಮಾತನ್ನು ಅಕ್ಷರ ತಪ್ಪದಂತೆ ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡದ್ದನ್ನು ತೂಗಬೇಕು, ತೂಗಿದ ಮೇಲೆ ಪ್ರೀತಿಸತಕ್ಕದ್ದನ್ನು ಪ್ರೀತಿಸಬೇಕು. ಹೊನ್ನು ಯಾರದೆಂಬ ವ್ಯಾಜ್ಯ ಎಂದಿಗೂ ಮುಗಿಯುವಂಥದಲ್ಲ. ಅದರಿಂದ ನಾವು ಗುಡಾರವನ್ನು ಸಿಂಗರಿಸುತ್ತೇವೆಯೋ ಕರುವನ್ನು ಎರಕ ಹೊಯ್ಯುತ್ತೇವೆಯೋ ಎಂಬುದನ್ನು ಮಾತ್ರ ಪ್ರತಿಯೊಂದು ತಲೆಮಾರಿನ ಅಧ್ಯಾಪಕರೂ ಹೊಸದಾಗಿ ತೀರ್ಮಾನಿಸಬೇಕಾಗಿದೆ.